ಕೆಸರು ಮೆತ್ತಿದ ಎಟಿವಿ ತೊಳೆಯುವ ಕ್ರಮ

ಶಿರಸಿ ಕಡೆಯ ತೋಟಗಳಲ್ಲಿ ಮಳೆಗಾಲದಲ್ಲಿ ಎಟಿವಿ (ಕಚ್ಚಾ ದಾರಿಯಲ್ಲೂ ಓಡುವ ನಾಲ್ಕು ಚಕ್ರದ ತೆರೆದ ಗಾಡಿ) ಓಡಿಸುವವರು ಕೆಂಪು ಕೆಸರು ಒಣಗುವ ಮೊದಲೇ ಗಾಡಿ ತೊಳೆಯುವುದು ಒಳ್ಳೆಯದು. ಒಣಗಿದ ಮಣ್ಣನ್ನು ಬಟ್ಟೆಯಿಂದ ಉಜ್ಜಿದರೆ ಅದರೊಳಗಿನ ಚಿರೆಕಲ್ಲಿನ ಹರಳುಗಳು ಮಡ್‌ಗಾರ್ಡಿನ ಪ್ಲಾಸ್ಟಿಕ್ಕಿನ ಮೇಲೆ ಗೀರು ಎಳೆಯುತ್ತವೆ. ಎಂಜಿನ್ ತಣಿದ ಮೇಲೆ ಪೈಪಿನ ಸಣ್ಣ ಧಾರೆಯಿಂದ ನೆನೆಸಿ, 10 ನಿಮಿಷ ಬಿಟ್ಟು, ವಾಹನದ ಶಾಂಪೂ ಬೆರೆಸಿದ ನೀರಿನಿಂದ ಮೇಲಿನಿಂದ ಕೆಳಕ್ಕೆ ತೊಳೆಯಬೇಕು. ಪ್ರೆಷರ್ ಪಂಪನ್ನು ಬೇರಿಂಗ್, ರೇಡಿಯೇಟರ್, ವೈರಿಂಗ್ ಜೋಡಣೆಗಳತ್ತ ಹಿಡಿಯಬಾರದು. ಹೊಳಪಿಗೆಂದು ನಾನೊಮ್ಮೆ ಕೊಬ್ಬರಿ ಎಣ್ಣೆ ಹಚ್ಚಿದ್ದೆ. ಸಂಜೆಯೊಳಗೆ ಧೂಳೆಲ್ಲ ಅಂಟಿಕೊಂಡಿತ್ತು. ಅದರ ಬದಲು ಅತಿನೇರಳೆ ಕಿರಣ ತಡೆಯುವ ಪ್ಲಾಸ್ಟಿಕ್ ಪಾಲಿಶನ್ನು, ಗಾಡಿ ಪೂರ್ತಿ ಒಣಗಿದ ಮೇಲೆ, ನೆರಳಿನಲ್ಲಿ ತೆಳುವಾಗಿ ಸವರಿರಿ. ಸೀಟಿಗೂ ಕಾಲಿಡುವ ಜಾಗಕ್ಕೂ ಮಾತ್ರ ಅದನ್ನು ತಾಗಿಸಬೇಡಿ, ಜಾರುತ್ತದೆ.