ಗೋವಾದ ಉಂಡೊ ಮನೆಯ ಓಟಿಜಿಯಲ್ಲಿ: ನಾನು ಮಾಡುವ ರೀತಿ

ಉಂಡೊ ಅಂದ್ರೆ ಗೋವಾದ ದುಂಡನೆಯ ಪಾವ್. ನಡುವೆ ಒಂದು ಸೀಳು, ಹೊರಗೆ ಗರಿಗರಿ, ಒಳಗೆ ಮೆತ್ತಗೆ. ಬೆಣ್ಣೆ ಇಲ್ಲ, ಹಾಲಿಲ್ಲ, ಮೊಟ್ಟೆ ಇಲ್ಲ. ಮೈದಾ, ನೀರು, ಉಪ್ಪು ಮತ್ತು ಹುಳಿಸಲು ಏನಾದರೊಂದು, ಅಷ್ಟೇ. ಮುಂಬೈ ಕಡೆಯ ಲಾದಿ ಪಾವ್ ತಿಂದು ರೂಢಿಯಾದವರು ಇದನ್ನು ಮುರಿದು ಬಾಯಿಗಿಟ್ಟರೆ ಇದು ಬೇರೆಯೇ ಜಾತಿ ಅಂತ ಮೊದಲ ತುತ್ತಿಗೇ ಗೊತ್ತಾಗುತ್ತದೆ.

ನಾವಿರುವುದು ಮಡಗಾಂವ್ ಹತ್ತಿರದ ಒಂದು ಹಳ್ಳಿಯಲ್ಲಿ. ಇಲ್ಲಿ ಪಾವ್ ಮಾಡುವವನಿಗೂ ಮಾರುವವನಿಗೂ ಪೊದೇರ್ ಅಂತಾರೆ. ಬೆಳಿಗ್ಗೆ ಮತ್ತು ಸಂಜೆ ಸೈಕಲ್ ಹಿಂದೆ ದೊಡ್ಡ ಬಿದಿರಿನ ಬುಟ್ಟಿ ಕಟ್ಟಿಕೊಂಡು, ಪೋಂ ಪೋಂ ಅಂತ ಹಾರ್ನ್ ಒತ್ತುತ್ತಾ ಮನೆ ಮುಂದೆ ಬರುತ್ತಾನೆ. ಹಾಗಿರುವಾಗ ಮನೆಯಲ್ಲಿ ಯಾಕೆ ಮಾಡಬೇಕು ಅಂತ ನೀವು ಕೇಳಬಹುದು. ನಮ್ಮ ಕೇರಿಯ ಕಟ್ಟಿಗೆ ಭಟ್ಟಿ ಮುಚ್ಚಿತು, ಅದಕ್ಕೆ. ಕಟ್ಟಿಗೆ ದುಬಾರಿ, ರಾತ್ರಿಯೆಲ್ಲಾ ನಿದ್ದೆಗೆಟ್ಟು ಮಾಡುವ ಕೆಲಸ, ಮಕ್ಕಳು ಬೇರೆ ಉದ್ಯೋಗ ಹಿಡಿದರು. ಈಗ ದೂರದಿಂದ ಬರುವ ಪಾವ್ ಪ್ಲಾಸ್ಟಿಕ್ ಚೀಲದಲ್ಲಿ ಬೆವರಿ ಮೆತ್ತಗಾಗಿ ಕೈಗೆ ಸಿಗುತ್ತದೆ. ನನಗೆ ಅದು ಸಾಲದು. ಗರಿ ಇಲ್ಲದ ಉಂಡೊ ನನ್ನ ಲೆಕ್ಕದಲ್ಲಿ ಉಂಡೊನೇ ಅಲ್ಲ.

ಅದೃಷ್ಟಕ್ಕೆ ಆ ಭಟ್ಟಿ ಮುಚ್ಚುವ ಮೊದಲೇ ಅಲ್ಲಿ ಕೂತು ನೋಡುವ ಅವಕಾಶ ಸಿಕ್ಕಿತ್ತು. ಹಿಟ್ಟು ನಾದುತ್ತಿದ್ದವರು ಬಾಗಲಕೋಟೆ ಕಡೆಯ ಹುಡುಗರು. ಗೋವಾದ ಎಷ್ಟೋ ಭಟ್ಟಿಗಳಲ್ಲಿ ಈಗ ದುಡಿಯುವವರು ನಮ್ಮ ಉತ್ತರ ಕರ್ನಾಟಕದವರೇ. ಕನ್ನಡ ಕಿವಿಗೆ ಬಿದ್ದಿದ್ದೇ ತಡ, "ಯಾವೂರ್ರಿ ಅಕ್ಕಾರ ನಿಮ್ದು?" ಅಂತ ಮಾತು ಶುರುವಾಯಿತು. ಅಳತೆ ಕೇಳಿದರೆ ಅವರ ಹತ್ತಿರ ಉತ್ತರ ಇರಲಿಲ್ಲ, ಎಲ್ಲಾ ಕೈ ಅಂದಾಜು. ಆದರೆ ಒಬ್ಬ ಹೇಳಿದ ಮಾತು ಈಗಲೂ ನನಗೆ ಅಳತೆಗೋಲು: "ಕೈಗೆ ಸ್ವಲ್ಪ ಹತ್ತಬೇಕ್ರಿ ಹಿಟ್ಟು. ಚಪಾತಿ ಹಿಟ್ಟಿನಂಗ ಗಟ್ಟಿ ಮಾಡಿದ್ರ ಪಾವ್ ಏಳಂಗಿಲ್ಲ."

ಆ ಭಟ್ಟಿಯ ಕೆಲಸ ಹೇಗೆ ಅಂತ ಮೊದಲು ಹೇಳಬೇಕು. ಅದು ಗೊತ್ತಾದರೆ ಮನೆಯಲ್ಲಿ ಏನು ಮಾಡಬೇಕು ಅನ್ನೋದು ತಾನಾಗೇ ಹೊಳೆಯುತ್ತದೆ. ಕಲ್ಲು ಮಣ್ಣಿನಿಂದ ಕಟ್ಟಿದ ಗುಮ್ಮಟದಂಥ ಗೂಡು. ಅದರೊಳಗೇ ಕಟ್ಟಿಗೆ ಉರಿಸುತ್ತಾರೆ. ನೆಲ, ಗೋಡೆ, ಮೇಲಿನ ಕಮಾನು ಎಲ್ಲಾ ಚೆನ್ನಾಗಿ ಕಾದ ಮೇಲೆ ಕೆಂಡವನ್ನು ಬದಿಗೆ ಎಳೆದು, ಉದ್ದನೆಯ ಕೋಲಿಗೆ ಒದ್ದೆ ಗೋಣಿ ಕಟ್ಟಿ ನೆಲ ಒರೆಸುತ್ತಾರೆ. ಬುಸ್ ಅಂತ ಹಬೆ ಏಳುತ್ತದೆ. ಆಮೇಲೆ ಒಂದು ಚಿಟಿಕೆ ಹಿಟ್ಟು ನೆಲದ ಮೇಲೆ ಎಸೆದು ನೋಡುವುದು. ತಕ್ಷಣ ಕಪ್ಪಾದರೆ ಕಾವು ಜಾಸ್ತಿ, ಸ್ವಲ್ಪ ಕಾಯಬೇಕು. ನಿಧಾನಕ್ಕೆ ಕಂದು ಬಣ್ಣಕ್ಕೆ ತಿರುಗಿದರೆ ಹದ ಬಂದಿದೆ ಅಂತ ಅರ್ಥ. ಮರದ ಉದ್ದ ಸಲಿಕೆಯಿಂದ ಉಂಡೊಗಳನ್ನು ಒಂದರ ಪಕ್ಕ ಒಂದು ಒತ್ತಾಗಿ ಒಳಗೆ ತಳ್ಳಿ, ಬಾಯಿ ಮುಚ್ಚಿಬಿಡುತ್ತಾರೆ.

ಇಲ್ಲಿ ಗಮನಿಸಬೇಕಾದ ಸಂಗತಿ ಎರಡು. ಒಂದು, ಕಾವು ಕೆಳಗಿನಿಂದ ನೇರವಾಗಿ ಹಿಟ್ಟಿಗೆ ತಾಗುತ್ತದೆ. ನಡುವೆ ತಟ್ಟೆ ಇಲ್ಲ. ಎರಡು, ಅಷ್ಟೊಂದು ಹಸಿ ಹಿಟ್ಟಿನಿಂದ ಏಳುವ ಹಬೆ ಹೊರಗೆ ಹೋಗಲು ದಾರಿ ಇಲ್ಲದೆ ಅಲ್ಲೇ ಸುತ್ತುತ್ತದೆ. ಮೊದಲ ಕೆಲವು ನಿಮಿಷ ಆ ಹಬೆ ಪಾವ್‌ನ ಹೊರಮೈಯನ್ನು ಒದ್ದೆಯಾಗಿ ಇಡುತ್ತದೆ, ಹಾಗಾಗಿ ಅದು ಬೇಗ ಗಟ್ಟಿಯಾಗದೆ ಒಳಗಿನ ಗಾಳಿ ಉಬ್ಬಿದಷ್ಟೂ ಹಿಗ್ಗುತ್ತದೆ, ಹೊರಮೈಯ ಪಿಷ್ಟ ನೀರು ಕುಡಿದು ತೆಳ್ಳಗೆ ಗಂಜಿ ಬಳಿದಂತೆ ಆಗಿ, ಹಬೆ ಕಮ್ಮಿಯಾದ ಮೇಲೆ ಅದೇ ಒಣಗಿ ಹೊಳಪಿನ ಗರಿಯಾಗುತ್ತದೆ.

ನಮ್ಮ ಓಟಿಜಿಯಲ್ಲಿ, ಅಂದ್ರೆ ಮನೆಯ ಸಣ್ಣ ಕರೆಂಟ್ ಓವನ್‌ನಲ್ಲಿ, ಈ ಎರಡೂ ಇಲ್ಲ. ತೆಳು ತಗಡಿನ ತಟ್ಟೆ, ಎಲ್ಲಾ ಸಂದಿಯಿಂದ ಸೋರುವ ಹಬೆ. ಒಳಗೆ ನೀರಿನ ಬಟ್ಟಲು ಇಡಿ ಅಂತ ಹೇಳುವವರು ಬಹಳ ಜನ. ಅದರಿಂದ ಹೆಚ್ಚೇನೂ ಆಗುವುದಿಲ್ಲ, ಹಬೆ ಬಂದಷ್ಟೇ ಬೇಗ ಹೋಗುತ್ತದೆ. ಮೇಲಾಗಿ ಕಾದ ಬಾಗಿಲ ಗಾಜಿಗೆ ನೀರು ಸಿಡಿದರೆ ಗಾಜು ಒಡೆಯುವ ಅಪಾಯ. ನಾನು ಮಾಡುವುದು ಇಷ್ಟು: ಬೀಡಿನ ದೋಸೆ ಕಾವಲಿಯನ್ನು ಒಳಗಿಟ್ಟು ಕಾಯಿಸಿ, ಉಂಡೊಗಳನ್ನು ನೇರ ಅದರ ಮೇಲೆ ಇಟ್ಟು, ಅದರ ಮೇಲೆ ಒಂದು ದಪ್ಪ ಸ್ಟೀಲ್ ಪಾತ್ರೆ ಬೋರಲು ಹಾಕಿಬಿಡುತ್ತೇನೆ. ಹಿಟ್ಟಿನ ಹಬೆ ಹಿಟ್ಟಿನ ಸುತ್ತಲೇ ಉಳಿಯುತ್ತದೆ. ಮುಚ್ಚಿಟ್ಟ ಭಟ್ಟಿಯಲ್ಲಿ ನಡೆಯುವುದೂ ಇದೇ ಅಲ್ವಾ? ಕಾವಲಿಗೂ ಪಾತ್ರೆಗೂ ಮರದ, ಪ್ಲಾಸ್ಟಿಕ್‌ನ ಹಿಡಿ ಇರಬಾರದು. ಕಡಪ ಕಲ್ಲಿನ ತುಂಡು ಇಡಬಹುದಾ ಅಂತ ಕೆಲವರು ಕೇಳುತ್ತಾರೆ, ಅದು ಅಷ್ಟು ಕಾವಿಗೆ ಸೀಳಬಹುದು, ಕಾವಲಿಯೇ ವಾಸಿ.

ಈಗ ಹಿಟ್ಟು. 450 ಗ್ರಾಂ ಮೈದಾ, 50 ಗ್ರಾಂ ಗೋಧಿ ಹಿಟ್ಟು, 320 ಮಿಲಿ ನೀರು, 10 ಗ್ರಾಂ ಉಪ್ಪು, 3 ಗ್ರಾಂ ಇನ್‌ಸ್ಟಂಟ್ ಈಸ್ಟ್, ಅರ್ಧ ಚಮಚ ಸಕ್ಕರೆ. ಸುಮಾರು 80 ಗ್ರಾಂನ 10 ಉಂಡೊ ಆಗುತ್ತವೆ. ಮೈದಾ ಕೊಳ್ಳುವಾಗ ಪ್ಯಾಕೆಟ್ ಹಿಂದೆ ಪ್ರೋಟೀನ್ ಎಷ್ಟಿದೆ ನೋಡಿ. 100 ಗ್ರಾಂಗೆ 10–11 ಗ್ರಾಂ ಇದ್ದರೆ ಒಳ್ಳೆಯದು. ಅದಕ್ಕಿಂತ ಕಮ್ಮಿ ಇದ್ದರೆ ಉಂಡೊ ಎತ್ತರಕ್ಕೆ ಏಳದೆ ಅಗಲಕ್ಕೆ ಹರಡುತ್ತದೆ. ಉಪ್ಪು ಕಮ್ಮಿ ಮಾಡಬೇಡಿ. ರುಚಿಗೆ ಮಾತ್ರ ಅಲ್ಲ, ಹಿಟ್ಟಿಗೆ ಬಿಗಿ ಬರುವುದೂ ಅದರಿಂದಲೇ.

ಎಲ್ಲಾ ಕಲಸಿ ಇಪ್ಪತ್ತು ನಿಮಿಷ ಸುಮ್ನೆ ಬಿಟ್ಟುಬಿಡಿ. ಈ ಬಿಡುವು ಕೊಟ್ಟರೆ ನಾದುವ ಶ್ರಮ ಅರ್ಧ ಉಳಿಯುತ್ತದೆ. ಆಮೇಲೆ ಹತ್ತು ನಿಮಿಷ ನಾದಬೇಕು. ಮೊದಮೊದಲು ಕೈಗೆ ಅಂಟುತ್ತದೆ, ಒಣ ಹಿಟ್ಟು ಉದುರಿಸುವ ಆಸೆ ಆಗುತ್ತದೆ, ಉದುರಿಸಬೇಡಿ. ಒಂದು ಚೂರು ಹಿಟ್ಟು ತೆಗೆದು ಬೆರಳುಗಳ ನಡುವೆ ನಿಧಾನಕ್ಕೆ ಎಳೆದು ಬೆಳಕಿಗೆ ಹಿಡಿಯಿರಿ. ಹರಿಯದೆ ತೆಳು ಪರದೆಯಾಗಿ, ಆಚೆಗಿನ ಬೆಳಕು ಮಸುಕಾಗಿ ಕಂಡರೆ ಸಾಕು.

ಈಸ್ಟ್ ಹಾಕಿದರೆ ಗೋವಾದ ಸೆಕೆಗೆ ಒಂದೂವರೆ ಗಂಟೆಯಲ್ಲಿ ಹಿಟ್ಟು ಎರಡು ಪಟ್ಟು ಆಗುತ್ತದೆ. ಆದರೆ ರುಚಿ ಬೇಕು ಅಂದ್ರೆ ಈಸ್ಟ್ ಕಾಲು ಚಮಚಕ್ಕೆ ಇಳಿಸಿ, ರಾತ್ರಿ ಕಲಸಿ ಬೆಳಿಗ್ಗೆವರೆಗೆ ಬಿಡಿ. ಭಟ್ಟಿಯವರು ಮಾಡುತ್ತಿದ್ದದ್ದೂ ರಾತ್ರಿಯ ಹಿಟ್ಟೇ.

ಹಳೆಯ ಕ್ರಮದಲ್ಲಿ ಅಂಗಡಿಯ ಈಸ್ಟೇ ಇರಲಿಲ್ಲ. 1510ರಲ್ಲಿ ಪೋರ್ಚುಗೀಸರು ಗೋವಾ ಹಿಡಿದ ಮೇಲೆ ಅವರ ಊಟಕ್ಕೂ ಚರ್ಚಿನ ಪೂಜೆಗೂ ರೊಟ್ಟಿ ಬೇಕಾಯಿತು. ಇಲ್ಲಿ ಹುಳಿಸಲು ಸುಲಭಕ್ಕೆ ಸಿಗುತ್ತಿದ್ದದ್ದು ತೆಂಗಿನ ಕಳ್ಳು, ಇಲ್ಲಿಯವರ ಮಾತಿನಲ್ಲಿ ಸೂರ್. ದಕ್ಷಿಣ ಗೋವಾದ ಮಜೋರ್ಡಾದವರೇ ಈ ಕೆಲಸ ಮೊದಲು ಕಲಿತವರು ಅಂತ ಸುತ್ತಲಿನ ಊರುಗಳಲ್ಲಿ ಇವತ್ತಿಗೂ ಹೇಳುತ್ತಾರೆ. ಮಂಗಳೂರಿನ ಸನ್ನಾಣ (ಇಡ್ಲಿಯಂಥ ತಿಂಡಿ) ತಿಂದವರಿಗೆ ಕಳ್ಳು ಹಾಕಿ ಹುಳಿಸಿದ ಹಿಟ್ಟಿನ ಪರಿಮಳ ಗೊತ್ತಿರುತ್ತದೆ. ಅದೇ ಪರಿಮಳ ಪಾವ್‌ನಲ್ಲೂ ಬರುತ್ತದೆ, ಇನ್ನೂ ಹಗುರವಾಗಿ.

ಸೂರ್ ಸಿಗುವ ದಿನ ನಾನು ಈಸ್ಟ್, ಸಕ್ಕರೆ ಎರಡನ್ನೂ ಬಿಡುತ್ತೇನೆ. ನಮ್ಮ ಪಕ್ಕದ ತೋಟಕ್ಕೆ ಮರ ಹತ್ತಲು ಬರುವ ರೆಂದೇರ್ ಬೆಳಿಗ್ಗೆ ಇಳಿಸಿದ ಸೂರ್ ಕೊಡುತ್ತಾನೆ. ಆಗ ಅದು ಸಿಹಿ. ತೆಳು ಬಟ್ಟೆಯಲ್ಲಿ ಸೋಸಬೇಕು, ಇರುವೆ, ಜೇನುನೊಣ ಇದ್ದೇ ಇರುತ್ತವೆ. ಬಾಟಲಿಯ ಮುಚ್ಚಳ ಬಿಗಿ ಮಾಡಬೇಡಿ, ಗಾಳಿ ತುಂಬಿ ಸಿಡಿಯುತ್ತದೆ. ಕೆಲವು ಗಂಟೆಗಳಲ್ಲಿ ನೊರೆ ಕಟ್ಟಿ ಮೂಗಿಗೆ ಚುರುಕು ವಾಸನೆ ಹೊಡೆಯುತ್ತದೆ. ಆ ಹೊತ್ತಿಗೆ 150 ಮಿಲಿ ಸೂರ್, 170 ಮಿಲಿ ನೀರು ಸೇರಿಸಿ ಕಲಸುತ್ತೇನೆ. ನಿನ್ನೆಯ ಸೂರ್ ಬೇಡ. ಹುಳಿ ಏರಿದರೆ ಹಿಟ್ಟಿನ ಬಿಗಿ ಸಡಿಲವಾಗಿ ಎಳೆದರೆ ಹರಿಯುತ್ತದೆ. ಏಳಲು ಎಂಟು ಗಂಟೆ, ಕೆಲವೊಮ್ಮೆ ಅದಕ್ಕೂ ಜಾಸ್ತಿ ಹಿಡಿಯುತ್ತದೆ. ಗಡಿಯಾರ ಬಿಟ್ಟು ಹಿಟ್ಟು ನೋಡಬೇಕು.

ಉಂಡೆ ಕಟ್ಟುವುದು ಹೀಗೆ. ಏರಿದ ಹಿಟ್ಟನ್ನು ಭಾಗ ಮಾಡಿ, ಒಂದೊಂದನ್ನೂ ಅಂಗೈ ಕೆಳಗೆ ಮಣೆಯ ಮೇಲೆ ಉರುಳಿಸಿ ಮೇಲ್ಮೈ ಬಿಗಿಯಾಗುವಂತೆ ದುಂಡು ಮಾಡಿ. ಹತ್ತು ನಿಮಿಷ ಬಿಡುವು. ಆಮೇಲೆ ಸ್ವಲ್ಪ ಮೈದಾ ಸವರಿ, ಕೈಯ ಅಂಚಿನಿಂದ ಇಲ್ಲವೇ ತೆಳು ಲಟ್ಟಣಿಗೆಯಿಂದ ನಡುವೆ ಒತ್ತಿ, ಬಹುತೇಕ ತಳ ಮುಟ್ಟುವಷ್ಟು. ಮೇಲೆ ಮೇಲೆ ಒತ್ತಿದರೆ ಉಬ್ಬುವಾಗ ಸೀಳು ಮಾಯವಾಗುತ್ತದೆ. ಒತ್ತಿದ ಎರಡು ಬದಿಯನ್ನು ಕೂಡಿಸಿ, ಗೋಧಿ ತವುಡು ಚೆಲ್ಲಿದ ದಪ್ಪ ಬಟ್ಟೆಯ ಮೇಲೆ ಸೀಳು ಕೆಳಗಾಗಿ ಬೋರಲು ಇಡುತ್ತೇನೆ. ಮೇಲೆ ಇನ್ನೊಂದು ಬಟ್ಟೆ. 40 ನಿಮಿಷದ ಆಸುಪಾಸು ಬೇಕು. ಬೆರಳಿನಿಂದ ಮೆಲ್ಲಗೆ ಒತ್ತಿದಾಗ ಗುಳಿ ನಿಧಾನಕ್ಕೆ, ಪೂರ್ತಿ ಅಲ್ಲದೆ ಅರ್ಧ ಮಟ್ಟಿಗೆ ಮೇಲೆ ಬಂದರೆ ಒಲೆಗೆ ಹೋಗಲು ತಯಾರು.

ಓಟಿಜಿ ಎಷ್ಟು ಕಾಯುತ್ತದೋ ಅಷ್ಟಕ್ಕೆ ಇಡಿ, 230 ಅಥವಾ 250 ಡಿಗ್ರಿ, ಮೇಲಿನ ಕೆಳಗಿನ ಎರಡೂ ಕಡ್ಡಿ ಉರಿಯಲಿ. ಕಾವಲಿ, ಪಾತ್ರೆ ಎರಡೂ ಒಳಗಿರಲಿ. 40 ನಿಮಿಷ ಕಾಯಿಸಿ. ದೀಪ ಆರಿತು ಅಂತ ಹತ್ತು ನಿಮಿಷಕ್ಕೇ ಶುರು ಮಾಡಬೇಡಿ, ಗಾಳಿ ಕಾದಿರುತ್ತದೆ, ಬೀಡು ಕಾದಿರುವುದಿಲ್ಲ. ಹಿಟ್ಟು ಎಸೆದು ನೋಡುವ ಪರೀಕ್ಷೆ ಕಾವಲಿಗೂ ಸರಿಹೋಗುತ್ತದೆ. ದಪ್ಪ ಕೈಗವಸು ಹಾಕಿಕೊಂಡು, ಉಂಡೊ ತಿರುಗಿಸಿ ಸೀಳು ಮೇಲಾಗಿ ಇಟ್ಟು ತಕ್ಷಣ ಮುಚ್ಚಿ. ಒಂದು ಸಲಕ್ಕೆ ನಾಲ್ಕೋ ಐದೋ ಹಿಡಿಯುತ್ತವೆ, ಮಿಕ್ಕಿದ್ದು ಫ್ರಿಜ್‌ನಲ್ಲಿ ಕಾಯಲಿ. 8 ನಿಮಿಷ ಮುಚ್ಚಿ, ಆಮೇಲೆ ಪಾತ್ರೆ ತೆಗೆದು 10–12 ನಿಮಿಷ. ಪಾತ್ರೆ ಎತ್ತಿದಾಗ ಉಂಡೊ ಬಿಳಚಿಕೊಂಡು ಹೊಳೆಯುತ್ತಿರುತ್ತದೆ, ಗಾಬರಿ ಬೇಡ, ಬಣ್ಣ ಬರುವುದು ಆಮೇಲಿನ ಹತ್ತು ನಿಮಿಷದಲ್ಲೇ. ಹೊಂಬಣ್ಣಕ್ಕೆ ತೆಗೆಯದೆ ಸೀಳಿನ ಅಂಚು ಗಾಢ ಕಂದು ಆಗುವವರೆಗೆ ಬಿಡಿ. ಬೇಗ ತೆಗೆದರೆ ಒಳಗಿನ ತೇವ ಹೊರಗೆ ಬಂದು ಗರಿ ಅರ್ಧ ಗಂಟೆಯಲ್ಲಿ ಹೋಗುತ್ತದೆ.

ಹೊರಗೆ ತೆಗೆದ ಮೇಲೆ ತಂತಿ ಜಾಲರಿಯ ಮೇಲೆ ಇಟ್ಟು ಕಿವಿ ಹತ್ತಿರ ತನ್ನಿ. ಸಣ್ಣಗೆ ಚಟ್ ಚಟ್ ಅಂತ ಸದ್ದು ಕೇಳುತ್ತದೆ. ತಣ್ಣಗಿನ ಗಾಳಿಗೆ ಹೊರಮೈ ಕುಗ್ಗಿ ಬಿರುಕು ಬಿಡುವ ಸದ್ದು ಅದು. ನನಗಂತೂ ಈ ಇಡೀ ಕೆಲಸದಲ್ಲಿ ಅತಿ ಸಂತೋಷದ ಗಳಿಗೆ ಇದೇ. ತಳ ತಟ್ಟಿದರೆ ಟೊಳ್ಳು ಸದ್ದು ಬರಬೇಕು. ಇಪ್ಪತ್ತು ನಿಮಿಷ ಮುರಿಯದೆ ತಡೆದುಕೊಳ್ಳಿ, ಒಳಗೆ ಇನ್ನೂ ಬೇಯುತ್ತಿರುತ್ತದೆ.

ಪೊಯಿ ಬೇರೆ ಲೆಕ್ಕ. ಅದು ತವುಡಿನ ಚಪ್ಪಟೆ ಪಾವ್, ಒಳಗೆ ಜೇಬಿನ ಹಾಗೆ ಟೊಳ್ಳು. ಮೈದಾ, ಗೋಧಿ ಹಿಟ್ಟು ಹೆಚ್ಚುಕಮ್ಮಿ ಸಮ, ಜೊತೆಗೆ ಎರಡು ಮುಷ್ಟಿ ತವುಡು, ನೀರು ಸ್ವಲ್ಪ ಜಾಸ್ತಿ. ಒಂದು ಸೆಂಟಿಮೀಟರ್ ದಪ್ಪಕ್ಕೆ ತಟ್ಟಿ, ತವುಡು ಉದುರಿಸಿ, ಅರ್ಧ ಗಂಟೆ ಬಿಟ್ಟು, ಪೂರ್ತಿ ಕಾದ ಕಾವಲಿಯ ಮೇಲೆ ಹಾಕಿ. ಇದಕ್ಕೆ ಪಾತ್ರೆ ಮುಚ್ಚಬಾರದು. ಮೇಲೂ ಕೆಳಗೂ ಬೇಗ ಗಟ್ಟಿಯಾದರೇ ಒಳಗಿನ ಹಬೆ ಸಿಕ್ಕಿಕೊಂಡು ಪೊಯಿ ಉಬ್ಬುತ್ತದೆ. 7 ನಿಮಿಷ ಸಾಕು.

ಉಂಡೊ ಜೊತೆ ರೋಸ್ ಆಮ್ಲೆಟ್ (ಮಸಾಲೆ ರಸ ಸುರಿದ ಆಮ್ಲೆಟ್) ಇರಲಿ, ಬಟಾಣಿಯ ಪಾತಳ್ ಭಾಜಿ (ತೆಳು ರಸದ ಪಲ್ಯ) ಇರಲಿ, ಗರಿ ಮುರಿದು ಅದ್ದಿದರೆ ರಸ ಹೀರುತ್ತದೆ, ಕರಗುವುದಿಲ್ಲ. ಹುರಿದ ಮಸಾಲೆ, ತೆಂಗಿನಕಾಯಿ ಹಾಕಿದ ಗೋವಾದ ಸಾರು ಶಾಕುತಿಗೂ ಹಾಗೇ. ನಮ್ಮ ಮನೆಯಲ್ಲಿ ಎಣ್ಣೆಗಾಯಿಗೂ ತಿನ್ನುತ್ತಾರೆ, ಬಹಳ ಚೆನ್ನಾಗಿರುತ್ತದೆ.

ಮಳೆಗಾಲದಲ್ಲಿ ಗಾಳಿಯ ತೇವಕ್ಕೆ ಗರಿ ಬೇಗ ಹೋಗುತ್ತದೆ. ಪ್ಲಾಸ್ಟಿಕ್‌ನಲ್ಲಿ ಹಾಕದೆ ಹತ್ತಿ ಬಟ್ಟೆಯಲ್ಲಿ ಸುತ್ತಿಡಿ. ಮಾರನೇ ದಿನ ಒದ್ದೆ ಕೈಯಿಂದ ಹೊರಮೈ ಸವರಿ, 200 ಡಿಗ್ರಿಯಲ್ಲಿ 5 ನಿಮಿಷ ಇಟ್ಟರೆ ಗರಿ ಮತ್ತೆ ಬರುತ್ತದೆ. ಹಿಟ್ಟು ಮಿಕ್ಕಿದ್ದರೆ ಬಳೆಯ ಆಕಾರಕ್ಕೆ ಸುತ್ತಿ ಕಾಂಕೊಣ್ ಮಾಡಿಬಿಡಿ. ಉಂಡೊ ತೆಗೆದ ಮೇಲೆ ಓಟಿಜಿಯನ್ನು 150ಕ್ಕೆ ಇಳಿಸಿ, ಪೂರ್ತಿ ಒಣಗಿ ಗಟ್ಟಿಯಾಗುವವರೆಗೆ ಬಿಟ್ಟರೆ ಆಯಿತು. ಆರಿದ ಮೇಲೆ ಡಬ್ಬಿಗೆ ತುಂಬಿ, ಸಂಜೆ ಚಹಾಕ್ಕೆ ಅದ್ದಿಕೊಂಡು ತಿನ್ನಬಹುದು.