ಊರು ಕಟ್ಟಿದ ಮನೆತನ ಹುಡುಕುವುದು ಹೇಗೆ?

ಮನೆತನದ ವಂಶಾವಳಿ ಹುಡುಕಲು ಕೈ ಹಾಕಿದವರು ಮೊದಲು ಮಾಡುವ ತಪ್ಪು ಒಂದೇ. 'ನಮ್ಮ ಮೂಲಪುರುಷ ಪಾಳೇಗಾರ' ಎಂದು ಹಾಳೆಯ ಮೇಲ್ಗಡೆ ಬರೆದು ಅಲ್ಲಿಂದ ಕೆಳಗಿಳಿಯುತ್ತಾರೆ. ಮಧ್ಯೆ ನಾಲ್ಕು ತಲೆಮಾರು ಖಾಲಿ. ಅಲ್ಲಿ ಊಹೆ ತುಂಬಿಸಿ, ಕಟ್ಟು ಹಾಕಿಸಿ, ಪಡಸಾಲೆಯಲ್ಲಿ ತೂಗುಹಾಕುತ್ತಾರೆ. ನೀವು ಬದುಕಿರುವವರಿಂದ ಹಿಂದಕ್ಕೆ ಹೋಗಿ.

ಮೊದಲು ಮನೆಯ ಹಿರಿಯರನ್ನು ಮಾತಾಡಿಸಿ, ಮೊಬೈಲಿನಲ್ಲಿ ರೆಕಾರ್ಡ್ ಮಾಡಿ. ಇಸವಿ ಕೇಳಬೇಡಿ. ಮನೆದೇವರು ಯಾವುದು, ಸೊಸೆಯರು ಯಾವ ಊರಿನವರು ಎಂದು ಕೇಳಿ.

ಆಮೇಲೆ ಕಾಗದ. ನಾಡಕಚೇರಿಯ ವಂಶವೃಕ್ಷ ವಾರಸುದಾರಿಕೆಗಷ್ಟೇ ಸಾಕು, ನಮ್ಮ ಕೆಲಸಕ್ಕೆ ಅಲ್ಲ. ಹೊಲಕ್ಕೆ ಪಹಣಿ, ಮ್ಯುಟೇಶನ್ (ಹಕ್ಕು ಬದಲಾವಣೆಯ ದಾಖಲೆ) ಇರುತ್ತದೆ. ಗ್ರಾಮಠಾಣಾ, ಅಂದರೆ ಊರಿನ ವಸತಿ ಜಾಗದೊಳಗಿನ ಮನೆಗೆ ಪಹಣಿ ಇರುವುದಿಲ್ಲ. ಅದಕ್ಕೆ ಪಂಚಾಯಿತಿ ಅಥವಾ ಪುರಸಭೆಯ ಹಳೇ ಕಂದಾಯದ ಪುಸ್ತಕ, ಸಬ್ ರಿಜಿಸ್ಟ್ರಾರ್ ಕಚೇರಿಯ ಕ್ರಯಪತ್ರ ನೋಡಬೇಕು. ಆನ್‌ಲೈನ್ ಇಸಿ (ಋಣಭಾರ ಪ್ರಮಾಣಪತ್ರ, ಆಸ್ತಿಯ ನೋಂದಣಿ ವ್ಯವಹಾರಗಳ ಪಟ್ಟಿ) 2004ರಿಂದ ಈಚೆಗಿನದು. ಹಿಂದಿನದಕ್ಕೆ ಕಚೇರಿಗೇ ಅಲೆಯಬೇಕು. ನನ್ನನ್ನು ಒಂದು ಕಡೆ 'ನಾಳೆ ಬನ್ನಿ' ಅಂತ ಆರು ಸಲ ಓಡಾಡಿಸಿದರು. ನಿಮ್ಮ ಮನೆಯ ಪತ್ರ ಸಿಗದಿದ್ದರೆ ಪಕ್ಕದ ಮನೆಯದನ್ನು ಓದಿ. ಅದರ ಚಕ್ಕುಬಂದಿಯಲ್ಲಿ (ನಾಲ್ಕು ದಿಕ್ಕಿನ ಗಡಿ ವಿವರ) 'ಪೂರ್ವಕ್ಕೆ ಇಂಥವರ ಮನೆ' ಎಂದು ನಿಮ್ಮವರ ಹೆಸರೇ ಇರಬಹುದು, ತಾರೀಖಿನ ಸಮೇತ.

ಈಗ ಎಲ್ಲರೂ ಮುಗ್ಗರಿಸುವ ಜಾಗ. ನಮ್ಮಲ್ಲಿ ತಾತನ ಹೆಸರನ್ನು ಮೊಮ್ಮಗನಿಗೆ ಇಡುತ್ತಾರೆ ಅಲ್ವಾ? ಬಸಪ್ಪನ ಮಗ ಲಿಂಗಪ್ಪ, ಅವನ ಮಗ ಬಸಪ್ಪ, ಅವನ ಮಗ ಮತ್ತೆ ಲಿಂಗಪ್ಪ. ಕಾಗದದಲ್ಲಿ 'ಲಿಂಗಪ್ಪ ಬಿನ್ ಬಸಪ್ಪ' (ಬಸಪ್ಪನ ಮಗ ಲಿಂಗಪ್ಪ) ಎಂದಿದ್ದರೆ ತಾತನೂ ಆಗಬಹುದು, ಮೊಮ್ಮಗನೂ ಆಗಬಹುದು. ಸಂವತ್ಸರ ನೋಡಿ ತೀರ್ಮಾನಿಸೋಣ ಎಂದರೆ ಅದೂ 60 ವರ್ಷಕ್ಕೊಮ್ಮೆ ಮರಳುತ್ತದೆ. 60 ವರ್ಷ ಅಂದರೆ ಹೆಚ್ಚುಕಮ್ಮಿ ಎರಡು ತಲೆಮಾರು! ಪ್ರಭವ ಸಂವತ್ಸರ 1867ರಲ್ಲೂ ಬಂತು, 1927ರಲ್ಲೂ ಬಂತು. ನಾನೇ ಒಮ್ಮೆ ತಾತನ ಜಮೀನನ್ನು ಮೊಮ್ಮಗನಿಗೆ ಬರೆದುಬಿಟ್ಟಿದ್ದೆ.

ಬಿಡಿಸಿಕೊಳ್ಳಲು ಮೂರನೇ ಗುರುತು ಬೇಕು. ಹೆಂಡತಿಯ ಹೆಸರು ಎಲ್ಲಕ್ಕಿಂತ ಒಳ್ಳೆಯದು. 'ಗೌರಮ್ಮ ಕೋಂ ಲಿಂಗಪ್ಪ' (ಲಿಂಗಪ್ಪನ ಹೆಂಡತಿ ಗೌರಮ್ಮ) ಎಂದು ಒಂದು ಸಾಲು ಸಿಕ್ಕರೆ ಗಂಟು ಸಡಿಲವಾಗುತ್ತದೆ. ಶಕ ವರ್ಷ ಕೊಟ್ಟಿದ್ದರೆ 78 ಕೂಡಿಸಿ, ಫಸಲಿಗೆ (ಹಳೇ ಕಂದಾಯದ ವರ್ಷ) 590, ಹೆಚ್ಚುಕಮ್ಮಿ ಇಸವಿ ಸಿಗುತ್ತದೆ. ದತ್ತು ಹೋದವರನ್ನು ಎರಡೂ ಮನೆಯಲ್ಲಿ ಬರೆಯಿರಿ. ತುಳುನಾಡಿನ ಅಳಿಯಸಂತಾನದ ಮನೆತನವಾದರೆ ತಾಯಿಯ ಕಡೆಯಿಂದಲೇ ಏರಬೇಕು.

ವಂಶವೃಕ್ಷದ ಆ್ಯಪ್‌ಗಳಿಗೆ ದುಡ್ಡು ಸುರಿಯಬೇಡಿ. ಅವು ಅಡ್ಡಹೆಸರು ಕೇಳುತ್ತವೆ, ನಮ್ಮಲ್ಲಿ ಎಷ್ಟೋ ಮನೆಗಳಿಗೆ ಅದೇ ಇಲ್ಲ. 200 ಪುಟದ ನೋಟ್‌ಬುಕ್ಕು, ಪೆನ್ಸಿಲ್ಲು ಸಾಕು. ಪೆನ್ನು ಬೇಡವೇ ಬೇಡ, ಅಳಿಸುವುದು ಜಾಸ್ತಿ.

ಉತ್ತರ ಕರ್ನಾಟಕದವರು ಹೆಳವರನ್ನು ವಿಚಾರಿಸಿ. ಒಕ್ಕಲು ಮನೆತನಗಳ ವಂಶಾವಳಿ ಹೇಳುವುದೇ ಅವರ ಕುಲಕಸುಬು. ಹೊಗಳಿಕೆ ಬಿಡಿ, ಹೆಸರಿನ ಸಾಲು ಮತ್ತು ಬಿಟ್ಟುಬಂದ ಊರು ಬರೆದುಕೊಳ್ಳಿ. ಹಳೇ ಮೈಸೂರಿನ ಕಡೆ ಶಾನುಭೋಗರ (ಊರಿನ ಲೆಕ್ಕ ಬರೆಯುತ್ತಿದ್ದವರು) ಮನೆಯ ಅಟ್ಟ ನೋಡಿ. 1963ರಲ್ಲಿ ವಂಶಪಾರಂಪರ್ಯ ಹುದ್ದೆ ಹೋಯಿತು, ಕೆಲವು ಕಡೆ ಕಡತ ಅಲ್ಲೇ ಉಳಿಯಿತು. ಈ ಕಡತ ಅಂದರೆ ಹುಣಸೆಬೀಜದ ಅಂಟು, ಇದ್ದಿಲು ಬಳಿದ ಬಟ್ಟೆಯ ಮೇಲೆ ಬಳಪದಲ್ಲಿ ಬರೆದದ್ದು. ಒದ್ದೆ ಕೈಯಲ್ಲಿ ಒರೆಸಿದರೆ ಅಕ್ಷರವೇ ಹೋಗುತ್ತದೆ.

ಕೊನೆಗೆ ಮನೆ. ಮಂಗಳೂರು ಹೆಂಚು ಕಂಡ ತಕ್ಷಣ 'ಇನ್ನೂರು ವರ್ಷದ ಮನೆ' ಎನ್ನಬೇಡಿ. ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಶುರುಮಾಡಿದ್ದೇ 1865ರಲ್ಲಿ. ಹೆಂಚಿನ ಹಿಂದೆ ಇಸವಿ ಇದ್ದರೂ ಅದು ಹೆಂಚಿನ ವಯಸ್ಸು, ಗೋಡೆಯದಲ್ಲ. ಬಾಗಿಲ ಮೇಲಿನ ಪಟ್ಟಿಯಲ್ಲಿ ಸವೆದ ಅಕ್ಷರ ಇದ್ದರೆ ಸುಣ್ಣ, ಸೀಮೆಸುಣ್ಣ ತುಂಬಬೇಡಿ. ರಾತ್ರಿ ಪಕ್ಕದಿಂದ ಟಾರ್ಚ್ ಹಿಡಿದು ಫೋಟೊ ತೆಗೆಯಿರಿ, ಓದಲು ಬರುತ್ತದೆ. ಎನಾಮಲ್ ಪೇಂಟ್ ಬಳಿದಾಗಿದ್ದರೆ ಮಾತ್ರ ಟಾರ್ಚಿನಿಂದಲೂ ಪ್ರಯೋಜನ ಕಡಿಮೆ.