ಕಡಲ ದಂಡೆಯ ಮನೆಯನ್ನು ಆಷಾಢದಲ್ಲಿ ತೋರಿಸಿದೆ

ಹೊನ್ನಾವರದ ಕಡೆ ಕಡಲ ದಂಡೆಯಲ್ಲಿ ನಮ್ಮದೊಂದು ಹೆಂಚಿನ ಮನೆ ಇತ್ತು. ಅಪ್ಪ 1996ರಲ್ಲಿ ಕೊಂಡಿದ್ದು. ಸಾಗರದಿಂದ ಬೆಳಿಗ್ಗೆ ಹೊರಟು ಗೇರುಸೊಪ್ಪೆ ಘಾಟಿ ಇಳಿದರೆ ಮಧ್ಯಾಹ್ನದ ಊಟಕ್ಕೆ ಅಲ್ಲಿರುತ್ತಿದ್ದೆವು. ಸುತ್ತ ಗಾಳಿಮರ, ತೆಂಗು. ಪಕ್ಕದ ಮನೆಗೆ ಹೋಗಬೇಕೆಂದರೆ ಹತ್ತು ನಿಮಿಷ ನಡೆಯಬೇಕು.

ಕಡಲಿಗೆ ಹೋಗಲು ಚೆಂದದ ಕಾಲ ನವೆಂಬರ್‌ನಿಂದ ಫೆಬ್ರವರಿ. ನಮಗೆ ಆಗಲೇ ಅಡಿಕೆ ಸುಗ್ಗಿ. ಕೊನೆ ಇಳಿಸಬೇಕು, ಸುಲಿಸಬೇಕು, ಬೇಯಿಸಬೇಕು, ಒಣಗಿಸಬೇಕು. ಅಪ್ಪ ತೀರಿಕೊಂಡ ಮೇಲೆ ವರ್ಷಕ್ಕೆ ಎರಡು ಸಲ ಹೋದರೆ ಜಾಸ್ತಿ. ಬಾಗಿಲು ಹಾಕಿದ ಮನೆಯನ್ನು ಉಪ್ಪುಗಾಳಿ ಸುಮ್ನೆ ಬಿಡುವುದಿಲ್ಲ. ಕಿಟಕಿ ಸರಳು, ಬಾಗಿಲ ತಿರುಗಣಿ, ಎಲ್ಲ ತುಕ್ಕು. ಮನೆ ನಮ್ಮ ಕಣ್ಣೆದುರೇ ಹಾಳಾಗುವುದು ಬೇಡ ಎಂದು ಮಾರಲು ನಿಂತೆ.

ಕಾಗದಪತ್ರಕ್ಕೇ ಆರು ತಿಂಗಳು ಹಿಡಿಯಿತು. ಮನೆ ಅಪ್ಪನ ಹೆಸರಲ್ಲೇ ಇತ್ತು. ಅಮ್ಮ, ಅಕ್ಕ, ನಾನು ಮೂವರ ಹೆಸರಿಗೆ ಖಾತೆ ಆದ ಮೇಲೆಯೇ ಮುಂದಿನ ಮಾತು. ಆಸ್ತಿಯ ಮೇಲೆ ಸಾಲಸೋಲ ಇದೆಯೇ ಎಂದು ತೋರಿಸುವ ಋಣಭಾರ ಪತ್ರ 2004ರಿಂದ ಈಚಿನದು ಆನ್‌ಲೈನ್‌ನಲ್ಲಿ ಸಿಕ್ಕಿತು. ಹಳೆಯದಕ್ಕೆ ಉಪನೋಂದಣಿ ಕಚೇರಿಗೇ ಓಡಾಡಿದೆ.

ನೋಡಲು ಬಂದವರೆಲ್ಲ ಒಂದೇ ಪ್ರಶ್ನೆ ಕೇಳುತ್ತಿದ್ದರು. "ಇದನ್ನು ಕೆಡವಿ ಎರಡು ಮಹಡಿ ಎಬ್ಬಿಸಬಹುದಾ?" ಮಧ್ಯವರ್ತಿಯೊಬ್ಬರು "ಆ ವಿಷಯ ಎತ್ತಬೇಡಿ, ಬೆಲೆ ಬೀಳುತ್ತದೆ" ಎಂದರು. ಅಂದೇ ಅವರನ್ನು ಬಿಟ್ಟೆ. ವಿಷಯ ಇಷ್ಟೇ. ಕರಾವಳಿ ನಿಯಂತ್ರಣ ವಲಯದ ನಿಯಮ 1991ರಿಂದ ಇದೆ. ಕಡಲ ಉಬ್ಬರದ ಗೆರೆಯಿಂದ 500 ಮೀಟರ್‌ವರೆಗೆ ಅದರ ಹಿಡಿತ. ಹಳ್ಳಿಗಳಲ್ಲಿ ಮೊದಲ 200 ಮೀಟರ್ ಹೊಸ ಮನೆ ಕಟ್ಟುವಂತಿಲ್ಲ. ತುಂಬ ಜನ ಇರುವ ಹಳ್ಳಿಗಳಿಗೆ 2019ರ ಅಧಿಸೂಚನೆ ಇದನ್ನು 50 ಮೀಟರ್‌ಗೆ ಇಳಿಸಿತು. 2011ರ ಜನಗಣತಿಯಂತೆ ಚದರ ಕಿಲೋಮೀಟರಿಗೆ 2161ಕ್ಕಿಂತ ಹೆಚ್ಚು ಜನ ಇರಬೇಕು. ನಮ್ಮ ಹಳ್ಳಿ ಅಷ್ಟು ದಟ್ಟ ಅಲ್ಲ. ಸಕ್ರಮವಾಗಿ ಮೊದಲೇ ಇದ್ದ ಮನೆಯನ್ನು ರಿಪೇರಿ ಮಾಡಬಹುದು, ಅದೇ ಅಡಿಪಾಯದ ಅಳತೆಯಲ್ಲಿ ಮತ್ತೆ ಕಟ್ಟಬಹುದು. ಹಿಗ್ಗಿಸುವಂತಿಲ್ಲ. ನಮ್ಮ ಮನೆ 1991ಕ್ಕೂ ಹಿಂದಿನದು. ಪಂಚಾಯ್ತಿಯ ಹಳೇ ತೆರಿಗೆ ರಸೀದಿಗಳನ್ನು ಅಪ್ಪ ಟ್ರಂಕಿನಲ್ಲಿ ಜೋಪಾನ ಮಾಡಿದ್ದರು. ಅವನ್ನೆಲ್ಲ ಬಂದವರ ಮುಂದೆ ಹರಡಿ ಹೇಳುತ್ತಿದ್ದೆ. ಎದ್ದು ಹೋದವರೇ ಹೆಚ್ಚು.

ಆಮೇಲೆ ಶಿವಮೊಗ್ಗದ ನಿವೃತ್ತ ಮೇಷ್ಟ್ರು ದಂಪತಿ ಫೋನ್ ಮಾಡಿದರು. ನಾನೇ ಆಷಾಢದಲ್ಲಿ ಬನ್ನಿ ಎಂದೆ. "ಆಷಾಢದಲ್ಲಿ ಯಾರಾದ್ರೂ ಮನೆ ನೋಡ್ತಾರೇನೋ?" ಎಂದು ಅಮ್ಮ ಬೈದರು. ಆದರೆ ಡಿಸೆಂಬರ್‌ನಲ್ಲಿ ಯಾವ ಕಡಲೂ ಚೆಂದವೇ ಅಲ್ವಾ? ಕೊಳ್ಳುವವರು ಅಲೆಯ ಅಬ್ಬರ ಕೇಳಬೇಕು, ಪಡುವಣ ಗೋಡೆ ಹೇಗೆ ಒದ್ದೆಯಾಗುತ್ತದೆ ನೋಡಬೇಕು, ಕರೆಂಟು ಹೋದ ರಾತ್ರಿ ಅಲ್ಲಿ ಮಲಗಿ ಏಳಬೇಕು.

ಇಬ್ಬರೂ ಒಂದು ರಾತ್ರಿ ಉಳಿದರು. ಬೆಳಿಗ್ಗೆ ಮೇಷ್ಟ್ರು ಬಾವಿ ನೀರು ಕುಡಿದು, "ಸಿಹಿಯಾಗಿದೆ" ಎಂದರು. ಮೇ ತಿಂಗಳಲ್ಲಿ ತುಂಬಿಟ್ಟಿದ್ದ ಬಾಟಲಿ ಕೊಟ್ಟು, "ಇದನ್ನೂ ಬಾಯಿಗೆ ಹಾಕಿ ನೋಡಿ ಸಾರ್" ಎಂದೆ. ಉಪ್ಪುಪ್ಪು. ಬೇಸಿಗೆಯಲ್ಲಿ ಎರಡು ತಿಂಗಳು ಹಾಗೇ. ಅವರ ಹೆಂಡತಿ ಒಂದು ಗುಟುಕು ಕುಡಿದು, "ಟ್ಯಾಂಕ್ ಇಟ್ಟು ಮಳೆನೀರು ಹಿಡಿಯೋಣ ಬಿಡ್ರೀ" ಎಂದರು.

ಬೆಲೆಯಲ್ಲಿ ಸ್ವಲ್ಪ ಬಿಟ್ಟುಕೊಟ್ಟೆ. ಶ್ರಾವಣದಲ್ಲಿ ನೋಂದಣಿ ಆಯಿತು. ತೀರ್ಥಹಳ್ಳಿಯಿಂದ ಅಕ್ಕನೂ ಸಹಿಗೆ ಬಂದಿದ್ದಳು. ಪಡುವಣ ಕಿಟಕಿಯ ಚಿಲಕಕ್ಕೆ ತಿಂಗಳಿಗೊಮ್ಮೆ ಎಣ್ಣೆ ಬಿಡಿ ಎಂದು ಹೇಳಿ ಬೀಗದ ಕೈ ಕೊಟ್ಟೆ.